ಸಹಾಯ ಬೇಕು: ಮಸ್ಟಾಂಗ್ ಜಿಟಿಗೆ ಲೋವರಿಂಗ್ ಸ್ಪ್ರಿಂಗ್

ಕಾರು 2017ರ ಫೋರ್ಡ್ ಮಸ್ಟಾಂಗ್ ಜಿಟಿ, ಎತ್ತರ ಇಳಿಸೋ ಗಿಡ್ಡ ಸ್ಪ್ರಿಂಗ್ (ಲೋವರಿಂಗ್ ಸ್ಪ್ರಿಂಗ್) ಹಾಕಿಸಬೇಕು. 20ರಿಂದ 25 ಮಿ.ಮೀ. ಇಳಿದರೆ ಸಾಕು, ಬೆಂಗಳೂರಿನ ಹಂಪ್‌ಗಳಲ್ಲಿ 40 ಇಳಿಸಿದರೆ ಮುಂದಿನ ಬಂಪರ್ ಕೆಳಗಿನ ಲಿಪ್ ಅಲ್ಲೇ ಬಿಟ್ಟು ಬರಬೇಕಾಗುತ್ತೆ! ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕಂಪನಿಯದ್ದೇ ಇರುತ್ತೆ, ಆದ್ದರಿಂದ ಒತ್ತಿದಷ್ಟೂ ಗಟ್ಟಿಯಾಗೋ ಪ್ರೋಗ್ರೆಸಿವ್ ಸ್ಪ್ರಿಂಗ್ ಕಡೆಗೇ ಒಲವು. ಇದೇ ಇಳಿಕೆಗೆ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯೋ ಮೆತ್ತನೆ ತುಂಡು) ಎಷ್ಟು ಕತ್ತರಿಸಿದ್ದೀರಿ?

ಜೆ.ಸಿ. ರಸ್ತೆ ಆಸುಪಾಸಿನಲ್ಲಿ ಒಳ್ಳೆ ಗ್ಯಾರೇಜ್ ಇದ್ದರೆ ಹೇಳಿ. ಹಳೇ ಸ್ಪ್ರಿಂಗನ್ನೇ ಕತ್ತರಿಸಿ ಕೊಡ್ತೀವಿ ಅನ್ನೋರು ಬೇಡ. ಮುಖ್ಯವಾಗಿ, ಕಂಟ್ರೋಲ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸೋ ತೋಳು) ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ನಿಗದಿತ ಟಾರ್ಕ್‌ಗೆ ಬಿಗಿಯಬೇಕು. ಲಿಫ್ಟ್‌ನಲ್ಲಿ ಚಕ್ರ ನೇತಾಡುವಾಗ ಬಿಗಿದರೆ ಆರ್ಮ್‌ನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಮುಂದಿನ ಚಕ್ರಗಳಿಗೆ ಕ್ಯಾಂಬರ್ ಬೋಲ್ಟ್ (ಚಕ್ರದ ಓರೆ ಸರಿಪಡಿಸೋ ಬೋಲ್ಟ್) ಹಾಕಿಸಿದವರು ಅಲೈನ್‌ಮೆಂಟ್ ಪ್ರಿಂಟ್ ಹಾಕಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಅಂಕಿ ಸಮೇತ. ಟೈರ್ ಒಳಅಂಚು ತಿನ್ನೋದು ಹೆಚ್ಚಾಗಿ ಟೋ ತಪ್ಪಿದ್ದರಿಂದಲೇ.