ಸಹಾಯ ಬೇಕು: ಮಾರ್ಕ 11, ಅಂಜೂರದ ಮರದ ಪ್ರಸಂಗ

ಎಲ್ಲರಿಗೂ ವಂದನೆ. ಬೈಬಲಿನ ಮಾರ್ಕನ ಸುವಾರ್ತೆ 11:12-25ರ ಮೇಲೆ ಸಭೆಗೆ 25 ನಿಮಿಷದ ಪ್ರಸಂಗ (ಬೋಧನೆ) ಸಿದ್ಧವಾಗುತ್ತಿದೆ. ಕೊನೆಯ ಭಾಗಕ್ಕೆ ಬಲ್ಲವರ ಸಲಹೆ ಬೇಕು.

ಯೇಸುಸ್ವಾಮಿ ಹಣ್ಣಿಲ್ಲದ ಅಂಜೂರದ ಮರವನ್ನು ಶಪಿಸಿ ಅದು ಒಣಗಿದ ಕಥೆಯನ್ನು ಮಾರ್ಕನು ಎರಡು ತುಂಡು ಮಾಡಿ (12-14, 20-21), ನಡುವೆ ಸ್ವಾಮಿ ವ್ಯಾಪಾರಿಗಳನ್ನು ದೇವಾಲಯದಿಂದ ಹೊರಗಟ್ಟಿದ ಪ್ರಕರಣ ಇಟ್ಟಿದ್ದಾನೆ. ಹಾಗಾಗಿ ಮರವನ್ನೂ ದೇವಾಲಯವನ್ನೂ ಒಟ್ಟಿಗೇ ಓದಬೇಕು. ಬರೀ 12-14 ಓದಿ ನಿಲ್ಲಿಸಿದರೆ, ಹಣ್ಣಿನ ಕಾಲವೇ ಅಲ್ಲದಾಗ ಸ್ವಾಮಿ ಮರದ ಮೇಲೆ ಸಿಟ್ಟಾದರು ಅನ್ನುವಷ್ಟೇ ಸಭೆಯವರ ತಲೆಯಲ್ಲಿ ಉಳಿಯುತ್ತದೆ. ಮತ್ತಾಯ 21ರಲ್ಲಿ ಮರ ಆಗಲೇ ಒಣಗುತ್ತದೆ, ಮಾರ್ಕನಲ್ಲಿ ಮರುದಿನ ಬೆಳಿಗ್ಗೆ ಕಾಣುತ್ತದೆ. ಎರಡನ್ನೂ ಕಲಸಿ ಹೇಳಿದರೆ ಈ ಜೋಡಣೆಯೇ ಕೆಡುತ್ತದೆ.

17ನೇ ವಚನದಲ್ಲಿ ಸ್ವಾಮಿ ಪ್ರವಾದಿಗಳ ಗ್ರಂಥಗಳಾದ ಯೆಶಾಯ 56:7, ಯೆರೆಮೀಯ 7:11 ಎರಡರ ಮಾತನ್ನೂ ಎತ್ತಿ ಹೇಳುತ್ತಾರೆ. ಹಳೇ ಒಡಂಬಡಿಕೆಯ ಪಾಠಕ್ಕೆ ಯೆರೆಮೀಯ 7:1-15 ಆರಿಸಿದೆ. 8:13ರಲ್ಲಿ ಹಣ್ಣಿಲ್ಲದ ಅಂಜೂರವೂ ಬರುವುದರಿಂದ ಅದನ್ನೂ ಸೇರಿಸುವ ಆಸೆ, ಆದರೆ ಪಾಠ ಉದ್ದವಾಗುತ್ತದೆ.

ತೊಡಕಿರುವುದು 22-25ರಲ್ಲಿ: ನಂಬಿ ಹೇಳಿದರೆ 'ಈ ಬೆಟ್ಟ'ವೂ ಕಿತ್ತುಕೊಂಡು ಸಮುದ್ರಕ್ಕೆ ಬೀಳುವುದು ಅನ್ನುವ ಮಾತು ಅಲ್ಲಿದೆ. 'ಬೆಟ್ಟ ಕದಲುವುದು' ಅಂದ ಕೂಡಲೇ ಜನ ಕೆಲಸ, ಸಾಲ, ವೀಸಾ ಅಂತ ಕೇಳಿಸಿಕೊಳ್ಳುತ್ತಾರೆ. 'ಈ ಬೆಟ್ಟ' ಅಂದರೆ ದೇವಾಲಯದ ಬೆಟ್ಟ ಅನ್ನುವ ವ್ಯಾಖ್ಯಾನ ಸಂದರ್ಭಕ್ಕೆ ಹೊಂದುತ್ತದೆ, ಆದರೆ ಎಣ್ಣೆಮರಗಳ ಗುಡ್ಡ ಅನ್ನುವವರೂ ಇದ್ದಾರೆ. ಇದನ್ನು ಪೀಠದಿಂದ ಎಷ್ಟು ಗಟ್ಟಿಯಾಗಿ ಹೇಳಬಹುದು? 25ರ ಕ್ಷಮೆಯ ಮಾತಿಗೆ ಕೊನೆಯ ಐದು ನಿಮಿಷ ಸಾಕೇ, ಅಥವಾ ಅದನ್ನು ಮುಂದಿನ ವಾರಕ್ಕೆ ಬಿಡುವುದೇ? ಬೋಧಿಸಿ ಅನುಭವವಿರುವ ಅಯ್ಯನವರು, ಅಕ್ಕಂದಿರು ದಯವಿಟ್ಟು ತಿಳಿಸಿ.