ಕೆಲಸ ಹೋಗಿದೆ, ಕಂತು ನಿಂತಿಲ್ಲ: ಚಿಕ್ಕಮಗಳೂರಿನ ಮನೆ ಮಾರಲಾ, ಇಟ್ಕೊಳ್ಳಲಾ?

ಜ್ಯೋತಿನಗರದ ಮಹಡಿ (ಪ್ರಶ್ನೆ, ಫೆಬ್ರುವರಿ 2026)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

2021ರಲ್ಲಿ ನಮ್ಮ ಬೆಂಗಳೂರಿನ ಕಂಪನಿ ಮನೆಯಿಂದಲೇ ಕೆಲಸ ಮಾಡಿ ಅಂದಿತ್ತು. ಊರಿಗೆ ಬಂದು ಕೂತೆ. ಅಪ್ಪನ ಹೆಂಚಿನ ಮನೆ ಮೂರು ಕಡೆ ಸೋರುತ್ತಿತ್ತು. ಇನ್ನು ಇಲ್ಲೇ ಇರೋದು ತಾನೇ ಅಂತ ಅದನ್ನು ಕೆಡವಿ, 30 ಲಕ್ಷ ಸಾಲ ಎತ್ತಿ, ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿದೆ. ಆಗ ಬಡ್ಡಿ 6.7. ಇಪ್ಪತ್ತು ವರ್ಷಕ್ಕೆ ಕಂತು 22,700. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಗಾರೆಯವರನ್ನು ನಂಬದೆ ಮೋಲ್ಡಿಗೆ ದಿನಕ್ಕೆ ಮೂರು ಸಲ ತಾವೇ ನೀರು ಹೊಡೆದರು. ಸೈಟು ಅವರ ಹೆಸರಲ್ಲಿದೆ, ಸಾಲ ಇಬ್ಬರ ಹೆಸರಲ್ಲಿ.

2022ರ ಮೇ ತಿಂಗಳಿಂದ ರೆಪೊ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರತೊಡಗಿತು. 4 ಇದ್ದದ್ದು ಮುಂದಿನ ಫೆಬ್ರುವರಿಗೆ 6.5. ನನ್ನ ಬಡ್ಡಿ 9.2 ಆಯಿತು. ಹಳೇ ಕಂತು ಹೆಚ್ಚುಕಡಿಮೆ ಬಡ್ಡಿಗೇ ಮುಗಿಯುತ್ತದೆ ಅಂತ ಬ್ಯಾಂಕಿನವರು 27,200 ಮಾಡಿದರು. ಅಷ್ಟರಲ್ಲಿ ಕಂಪನಿಯೂ ವಾಪಸ್ ಬಾ ಅಂದಿತು. ಅಲ್ಲಿ ಬಾಡಿಗೆ, ಇಲ್ಲಿ ಕಂತು. ಮಹಡಿಯನ್ನು ಒಬ್ಬ ಲೆಕ್ಚರರ್‌ಗೆ 10 ಸಾವಿರಕ್ಕೆ ಕೊಟ್ಟು ಹೇಗೋ ನಡೆಸಿದೆ.

ಕಳೆದ ನವೆಂಬರ್‌ನಲ್ಲಿ ಕೆಲಸ ಹೋಯಿತು. ಇಡೀ ಟೀಮನ್ನೇ ತೆಗೆದರು. ಲೆಕ್ಚರರ್‌ಗೂ ಟ್ರಾನ್ಸ್‌ಫರ್ ಆಗಿತ್ತು, ಹಾಗಾಗಿ ಹೆಂಡತಿ ಮಗಳ ಜೊತೆ ಬಂದು ಮಹಡಿಯಲ್ಲಿದ್ದೇನೆ. ಹೆಂಡತಿಗೆ ಇಲ್ಲೇ ಒಂದು ಶಾಲೆಯಲ್ಲಿ 14 ಸಾವಿರದ ಕೆಲಸ ಸಿಕ್ಕಿದೆ. ನನ್ನ ಕೈಯಲ್ಲಿ 5.5 ಲಕ್ಷ ಇದೆ. ಸಾಲ ಇನ್ನೂ 26.9 ಲಕ್ಷ. ಅಂದರೆ ನಾಲ್ಕೂವರೆ ವರ್ಷ ಕಟ್ಟಿ ಮೂರು ಲಕ್ಷ ಕರಗಿಸಿದ್ದೇನೆ. ಈ ಲೆಕ್ಕ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಬ್ರೋಕರ್ 85 ಲಕ್ಷ ಸಿಗುತ್ತದೆ ಅಂದ. ಇದುವರೆಗೆ ಏಳು ಪಾರ್ಟಿ ಬಂದು ಹೋಗಿದ್ದಾರೆ. ಒಬ್ಬರು ಬಂದವರೇ ಬಾಗಿಲನ್ನು ಗೆಣ್ಣಿನಿಂದ ಕುಟ್ಟಿ "ಸಿಲ್ವರ್ ಮರದ್ದಾ?" ಅಂದರು. "ಹಲಸು. ನಮ್ಮ ತವರಿನ ಹಿತ್ತಲಿನದು" ಅಂದಳು ಅಮ್ಮ, ಮುಖ ಬಿಗಿದುಕೊಂಡು. ಮೊದಲ ಆರು ಪಾರ್ಟಿಗೆ ಕಾಫಿ ಕೊಟ್ಟಿದ್ದಳು. ಏಳನೆಯವರಿಗೆ ಕೊಡಲಿಲ್ಲ.

ಆ ಏಳನೆಯವರೇ ರೇಟು ಹೇಳಿದ್ದು. ಮೂಡಿಗೆರೆ ಕಡೆಯ ಪ್ಲಾಂಟರ್. 64 ಲಕ್ಷ. ಅದರಲ್ಲಿ 38 ರಿಜಿಸ್ಟರ್‌ಗೆ, ಉಳಿದದ್ದು ಕೈಗೆ ಕ್ಯಾಶ್. ತಿಂಗಳೊಳಗೆ ಮುಗಿಸೋಣ ಅಂತಾರೆ. ಅಪ್ಪ ಏನೂ ಹೇಳುವುದಿಲ್ಲ. "ಸಹಿ ಎಲ್ಲಿ ಹಾಕಬೇಕು ಹೇಳು" ಅಷ್ಟೇ.

ಕೊಟ್ಟುಬಿಡಲಾ? ಎಲ್ಲ ಕಡೆ ಕೆಲಸ ಹೋಗುತ್ತಿರುವಾಗ ಮುಂದೆ ಈ ರೇಟೂ ಬಿದ್ದರೆ?

ಮಲ್ಲಂದೂರು ಹಳಬ

ತಮ್ಮಾ, ನನಗೆ ಅರವತ್ತೆಂಟು. ಈ ಊರಿನ ಮನೆ ರೇಟು ಬೆಂಗಳೂರಿನ ಕಂಪನಿ ನೋಡಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಾಫಿ ನೋಡಿ ಏರುತ್ತದೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿ ಗಿಡ ಸುಟ್ಟುಹೋದವು. ಇಲ್ಲಿ ಕಾಫಿ ರೇಟು ಏರಿ ಮನೆ ಎದ್ದವು. ಒಂದೊಂದು ಕೇರಿಯಲ್ಲಿ ಎರಡೆರಡು ಕಡೆ ಜಲ್ಲಿ ರಾಶಿ. ನಾನೂ ಆ ದುಡ್ಡಿನಲ್ಲಿ ಕಲ್ಯಾಣನಗರದಲ್ಲಿ ಒಂದು ಸೈಟು ಹಿಡಿದೆ.

ಆಮೇಲೆ ವಿಯೆಟ್ನಾಂ ಬಂತು. ಅವರು ಬೆಳೆದು ಬೆಳೆದು ಮಾರುಕಟ್ಟೆಗೆ ಸುರಿದರು. 2001, 2002ರಲ್ಲಿ ಕಾಫಿ ಹಣ್ಣು ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ಮಗಳ ಮದುವೆ ಬೇರೆ. ಸೈಟು ಮಾರಲು ಹೊರಟೆ. ನಾಲ್ಕು ಲಕ್ಷ ಅಂದೆ. ನಿನಗೆ ಗೊತ್ತಾ, ಯಾರೂ "ಜಾಸ್ತಿ ಆಯ್ತು" ಅನ್ನಲಿಲ್ಲ. ಯಾರೂ ಬರಲೇ ಇಲ್ಲ ಅಷ್ಟೇ! ಎರಡು ವರ್ಷ ಎಲ್ಲರ ಬಾಯಲ್ಲೂ ಅದೇ ನಾಲ್ಕು ಲಕ್ಷ. ಕೇಳಿದವರಿಗೆಲ್ಲ "ನಮ್ಮ ಸೈಟು ನಾಲ್ಕಕ್ಕೆ ಹೋಗುತ್ತೆ" ಅನ್ನುತ್ತಿದ್ದೆ. ಕೊನೆಗೆ ಮದುವೆಗೆ ಹದಿನೈದು ದಿನ ಇರುವಾಗ 2.6ಕ್ಕೆ ಕೊಟ್ಟೆ. ನಮ್ಮೂರಲ್ಲಿ ರೇಟು ಬೀಳೋದು ಹೀಗೆ. ಊರಿಗೆಲ್ಲ ಬೀಳಲ್ಲ. ತುರ್ತು ಇದ್ದವನಿಗೆ ಮಾತ್ರ ಬೀಳುತ್ತದೆ. ಈಗಲೂ ಆ ರಸ್ತೆಯಲ್ಲಿ ಹೋದರೆ ಆ ಕಡೆ ತಲೆ ತಿರುಗಿಸಲ್ಲ ನಾನು.

ಈಗ ನಿನಗೆ ಬರ, ಕಾಫಿಯವರಿಗೆ ಸುಗ್ಗಿ. ಬ್ರೆಜಿಲ್, ವಿಯೆಟ್ನಾಂ ಎರಡೂ ಕಡೆ ಮಳೆ ಕೈಕೊಟ್ಟು, ಕಳೆದ ಒಂದೆರಡು ವರ್ಷದಲ್ಲಿ ರೊಬಸ್ಟಾ ಕಾಫಿಗೆ ನಾವು ಕನಸಲ್ಲೂ ಕಾಣದ ರೇಟು ಬಂತು. ಆ ಪ್ಲಾಂಟರ್ ನಿನ್ನ ಬಾಗಿಲು ಕುಟ್ಟಿದ್ದು ಅದಕ್ಕೇ. ಅವನಿಗೆ ನಿನ್ನ ತುರ್ತೂ ಗೊತ್ತು. ಮಾರುವುದೇ ಆದರೆ ಕೊಯ್ಲಿನ ದುಡ್ಡು ಓಡಾಡುವ ಈ ಎರಡು ಮೂರು ತಿಂಗಳಲ್ಲೇ ಮಾರು. ಆಷಾಢ ಬಂದರೆ ಮಳೆಯಲ್ಲಿ ಯಾರೂ ಮನೆ ನೋಡಲು ಬರಲ್ಲ. ಆದರೆ 64ಕ್ಕೆ ಬೇಡ. ಮತ್ತೆ ಎರಡು ಪಾರ್ಟಿ ಬರಲಿ.

ಅಂದ ಹಾಗೆ, ನಿನ್ನ ತಾಯಿ ಮಾಡಿದ್ದು ಸರಿ.

ಕೌಂಟರ್ ನಾಲ್ಕು

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದು ರಿಟೈರ್ ಆದವಳು ನಾನು. ಮನೆ ಮಾರುವ ಮಾತು ಆಮೇಲೆ. ಮೊದಲು ಒಂದು ಪ್ರಶ್ನೆ. ನಿಮ್ಮ ಬಡ್ಡಿ ಈಗ ಎಷ್ಟಿದೆ ನೋಡಿದ್ದೀರಾ?

2019ರ ಅಕ್ಟೋಬರ್ ನಂತರ ಬ್ಯಾಂಕ್ ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿರುತ್ತದೆ. ಏರಿದಾಗ ಏರಿದ ಹಾಗೆ ಇಳಿದಾಗ ಇಳಿಯಲೇಬೇಕು. ಕಳೆದ ವರ್ಷ ರೆಪೊ 6.5ರಿಂದ ಇಳಿಯುತ್ತಾ ಡಿಸೆಂಬರ್‌ಗೆ 5.25 ಆಯಿತು. ನಿಮ್ಮದು 9.2 ಇದ್ದದ್ದು 7.95ರ ಹತ್ತಿರ ಬಂದಿರಬೇಕು. ಆದರೆ ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತು ಮುಟ್ಟಲ್ಲ. ಸುಮ್ನೆ ಅವಧಿ ಕಡಿಮೆ ಮಾಡುತ್ತವೆ. ಅದು ಒಳ್ಳೆಯದೇ, ಸಂಬಳ ಬರುವವರಿಗೆ. ನಿಮಗೀಗ ಬೇಕಿರುವುದು ಕಂತು ಇಳಿಯುವುದು. ಬ್ರಾಂಚಿಗೆ ಹೋಗಿ ಲಿಖಿತವಾಗಿ ಕೇಳಿ.

26.9 ಲಕ್ಷಕ್ಕೆ 7.95ರಂತೆ, ಉಳಿದ ಹದಿನೈದೂವರೆ ವರ್ಷಕ್ಕೇ ಹಾಕಿದರೂ ಕಂತು 25,200. ಇಪ್ಪತ್ತು ವರ್ಷಕ್ಕೆ ಎಳೆದರೆ 22,400. ನೀವು ಶುರು ಮಾಡಿದ ಕಂತಿಗಿಂತ ಕಡಿಮೆ! ಅವಧಿ ಎಳೆದರೆ ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ನಿಜ. ಕೆಲಸ ಸಿಕ್ಕ ಮೇಲೆ ಹೆಚ್ಚುವರಿ ಕಟ್ಟಿ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚೆ ಕಟ್ಟಿದರೆ ದಂಡವಿಲ್ಲ. ತಂದೆಯವರ ವಯಸ್ಸಿನ ತಕರಾರು ತೆಗೆಯಬಹುದು, ನಿಮ್ಮ ವಯಸ್ಸು ಹಿಡಿದು ಲೆಕ್ಕ ಹಾಕಿ ಅನ್ನಿ. ಕೆಲಸ ಹೋಗಿದ್ದನ್ನು ಮುಚ್ಚಿಡಬೇಡಿ. ಕಂತು ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕಂತು ನಿಂತ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಮಾತಾಡುವ ಧಾಟಿಯೇ ಬೇರೆ. ಕಂತು ಸರಿಯಾಗಿ ಕಟ್ಟುತ್ತಿರುವಾಗ ಹೋಗಿ ಕೂತರೆ ಕುರ್ಚಿ ಕೊಡುತ್ತಾರೆ.

ಇನ್ನು ಆ ಕ್ಯಾಶ್. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತ ದಂಡ ಬೀಳಬಹುದು. ಅದು ಬೀಳುವುದು ತೆಗೆದುಕೊಂಡವರಿಗೆ, ಅಂದರೆ ನಿಮ್ಮ ತಂದೆಗೆ. ಪ್ಲಾಂಟರ್ 38 ಬರೆಸುವುದು ತಮ್ಮ ಖರ್ಚು ಉಳಿಸಲು. ಕಳೆದ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಸ್ಟಾಂಪು, ಸೆಸ್ಸು ಸೇರಿದರೆ ಪಟ್ಟಣದಲ್ಲಿ 7.6. ಅವರ ಉಳಿತಾಯಕ್ಕೆ ನಿಮ್ಮ ತಂದೆ ಯಾಕೆ ಸಹಿ ಹಾಕಬೇಕು?

ಬಾಡಿಗೆಯೇ ವಾಸಿ (ಹಾಸನ)

ಮಹಡಿಯನ್ನು ಭೋಗ್ಯಕ್ಕೆ ಕೊಡಿ ಬ್ರೋ. ಮೂರು ವರ್ಷಕ್ಕೆ ಏಳೆಂಟು ಲಕ್ಷ ಒಟ್ಟಿಗೆ ಸಿಗುತ್ತೆ. ಸಾಲಕ್ಕೆ ಬಡಿದುಬಿಡಿ. ನೀವು ಕೆಳಗೆ ಅಪ್ಪ ಅಮ್ಮನ ಜೊತೆ ಇರಿ. ನಾನಂತೂ ಹಾಸನದಲ್ಲಿ ಸಾಲಗಾಮೆ ರಸ್ತೆಯಲ್ಲಿ ಬಾಡಿಗೆಗಿದ್ದೇನೆ. ಸ್ವಂತ ಮನೆ ಸಹವಾಸವೇ ಬೇಡ.

ಕೌಂಟರ್ ನಾಲ್ಕು

ಭೋಗ್ಯದ ದುಡ್ಡು ಬಾಡಿಗೆ ಅಲ್ಲ, ಇನ್ನೊಂದು ಸಾಲ. ಮೂರನೇ ವರ್ಷ ಅವರು ಬಂದು ವಾಪಸ್ ಕೊಡಿ ಅಂದಾಗ ಎಂಟು ಲಕ್ಷ ಎಲ್ಲಿಂದ ತರುವುದು? ಮನೆ ಬ್ಯಾಂಕಿಗೆ ಅಡ ಇದೆ ಬೇರೆ, ಅವರನ್ನು ಕೇಳದೆ ಕೊಡುವ ಹಾಗಿಲ್ಲ. ತಿಂಗಳ ಬಾಡಿಗೆಗೇ ಕೊಡಿ.

ಜ್ಯೋತಿನಗರದ ಮಹಡಿ (ಹನ್ನೊಂದು ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನೀವು ಹೇಳಿದ್ದು ಪೈಸೆ ಪೈಸೆ ನಿಜ. ಬಡ್ಡಿ 7.95 ಆಗಿ ಎರಡು ತಿಂಗಳಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಮ್ಯಾನೇಜರ್ ಇಪ್ಪತ್ತು ವರ್ಷ ಆಗಲ್ಲ ಅಂದರು. ಹದಿನೆಂಟಕ್ಕೆ ಒಪ್ಪಿದ್ದಾರೆ. ಕಂತು 23,500ರ ಆಸುಪಾಸು. ಕುರ್ಚಿ ಕೊಟ್ಟರು.

ಪ್ಲಾಂಟರ್‌ಗೆ ಪೂರ್ತಿ ಚೆಕ್ಕಿನಲ್ಲಾದರೆ ಮಾತಾಡೋಣ ಅಂದೆ. ಫೋನ್ ಮಾಡ್ತೀನಿ ಅಂದವರು ಮಾಡಿಲ್ಲ. ಏಪ್ರಿಲ್ ಕೊನೆವರೆಗೆ ನೋಡುತ್ತೇನೆ. 75ಕ್ಕೆ ಯಾರಾದರೂ ಬಂದರೆ ಅಪ್ಪನ ಜೊತೆ ಕೂತು ಮಾತಾಡುವುದು. ಅಲ್ಲಿವರೆಗೆ ನಾವು ಕೆಳಗಿಳಿದು ಮಹಡಿ ಬಾಡಿಗೆಗೆ ಕೊಡುವ ಯೋಚನೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಅಡುಗೆಮನೆ ಒಂದೇ ಆಗುತ್ತದಲ್ಲ, ಅದು ಬ್ಯಾಂಕಿಗಿಂತ ಕಷ್ಟದ ಮಾತು.

ಹೊಸ ಸದಸ್ಯ

ಸರ್, ಆ ಮಹಡಿ ಎಷ್ಟಕ್ಕೆ ಕೊಡ್ತೀರಿ? ಎರಡು ರೂಮ್ ಇದೆಯಾ? ನಮ್ಮದು ಸಣ್ಣ ಸಂಸಾರ, ಕಾರು ಒಂದಿದೆ.

ಜ್ಯೋತಿನಗರದ ಮಹಡಿ

11 ಸಾವಿರ, ಎರಡು ರೂಮ್. ಕಾರು ರಸ್ತೆಯಲ್ಲೇ ನಿಲ್ಲಿಸಬೇಕು. ಪಡುವಣ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಹಿಡಿಯುತ್ತದೆ, ಈಗಲೇ ಹೇಳಿಬಿಡುತ್ತೇನೆ. ಒಂದು ವಾರ ಬಿಟ್ಟು ಮೆಸೇಜ್ ಮಾಡಿ, ಮನೆಯಲ್ಲಿ ಕೇಳಿರುತ್ತೇನೆ.