ಸಜೆಸ್ಟ್ ಆದ ಮೇಲೆ "ಮಿ ಟು" ಯಾಕೆ ಬರಲ್ಲ?

ತುಮಕೂರಿನವಳು:
ನಿನ್ನೆ ಆಫೀಸ್ ಮೇಲ್‌ನಲ್ಲಿ "ದೇ ಸಜೆಸ್ಟೆಡ್ ಮಿ ಟು ಚೇಂಜ್ ದ ಡೇಟ್" ಅಂತ ಬರೆದಿದ್ದೆ. ಸೀನಿಯರ್ ಒಬ್ಬರು ಅದನ್ನು "ಸಜೆಸ್ಟೆಡ್ ದಟ್ ಐ ಚೇಂಜ್" ಅಂತ ತಿದ್ದಿದರು. ಆದರೆ "ಅಡ್ವೈಸ್ಡ್ ಮಿ ಟು ಚೇಂಜ್" ಸರಿಯಂತೆ! ಎರಡೂ ಸಲಹೆ ಕೊಡೋದೇ ಅಲ್ವಾ? ಮತ್ತೆ ಅಲ್ಲಿ "ಚೇಂಜ್ಡ್" ಯಾಕಿಲ್ಲ? ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು, ಈ ಥರದ್ದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಗ್ಲಿಷ್ ಮೇಷ್ಟ್ರು:
ಅರ್ಥ ಒಂದೇ ಆದರೂ ವಾಕ್ಯ ಕಟ್ಟೋ ರೀತಿ ಒಂದೇ ಇರಲ್ಲ, ತೊಂದರೆ ಇರೋದೇ ಅಲ್ಲಿ. ಕನ್ನಡದಲ್ಲಿ ನನಗೆ ಹೇಳಿದ, ನನಗೆ ವಿವರಿಸಿದ, ನನಗೆ ಸಲಹೆ ಕೊಟ್ಟ, ಎಲ್ಲಕ್ಕೂ ಒಂದೇ "ಗೆ" ಸಾಕು. ಇಂಗ್ಲಿಷ್‌ನಲ್ಲಿ ಟೆಲ್, ಅಡ್ವೈಸ್, ರಿಮೈಂಡ್, ವಾರ್ನ್ ಇವುಗಳ ಪಕ್ಕದಲ್ಲೇ ಆಳು ಕೂರುತ್ತಾನೆ: "ಟೋಲ್ಡ್ ಮಿ", "ರಿಮೈಂಡೆಡ್ ಹರ್ ಟು ಪೇ". ಸೇ, ಎಕ್ಸ್‌ಪ್ಲೇನ್, ಸಜೆಸ್ಟ್ ಹಾಗಲ್ಲ, ಮಧ್ಯೆ "ಟು" ಬೇಕು: "ಎಕ್ಸ್‌ಪ್ಲೇನ್ಡ್ ಇಟ್ ಟು ಮಿ". ನಾವು ಸುಮ್ನೆ "ಎಕ್ಸ್‌ಪ್ಲೇನ್ಡ್ ಮಿ", "ಹಿ ಟೋಲ್ಡ್ ದಟ್" ಅಂದುಬಿಡ್ತೀವಿ. ಮೂವತ್ತು ಜನರ ಕ್ಲಾಸಲ್ಲಿ ಇಪ್ಪತ್ತು ಪೇಪರ್‌ನಲ್ಲಿ ನಾನು ತಿದ್ದೋದು ಇದನ್ನೇ.

ಇನ್ನು "ಚೇಂಜ್". ಸಲಹೆ ಕೊಡುವಾಗ ದಟ್ ಆದ ಮೇಲೆ ಕ್ರಿಯಾಪದದ ಮೂಲ ರೂಪ ಬರುತ್ತದೆ, ಕಾಲ ಯಾವುದಾದರೂ ಸರಿ: "ಸಜೆಸ್ಟೆಡ್ ದಟ್ ಹಿ ಗೋ". ಇಲ್ಲಿ ಗೋಸ್ ಅಲ್ಲ, ಗೋ. "ಶುಡ್ ಗೋ" ಅಂದರೂ ಆಗುತ್ತದೆ, ಬ್ರಿಟಿಷರಲ್ಲಿ ಅದು ಜಾಸ್ತಿ. "ಸಜೆಸ್ಟೆಡ್ ಚೇಂಜಿಂಗ್ ದ ಡೇಟ್" ಕೂಡ ಚೆನ್ನಾಗಿದೆ.

ಪ್ರೂಫ್ ರೀಡರ್:
ಮೇಷ್ಟ್ರು ಹೇಳಿದ್ದು ಸಲಹೆಯ ಅರ್ಥಕ್ಕೆ ಮಾತ್ರ. ಸಜೆಸ್ಟ್ ಅಂದರೆ ಸೂಚಿಸು, ಕುರುಹು ಕೊಡು ಅಂತಲೂ ಆಗುತ್ತದೆ, ಆಗ ಮಾಮೂಲಿ ಕಾಲವೇ ಬರಬೇಕು: "ಹಿಸ್ ಫೇಸ್ ಸಜೆಸ್ಟೆಡ್ ದಟ್ ಹಿ ವಾಸ್ ಟೈರ್ಡ್". ನೋಟ್‌ಬುಕ್‌ನಲ್ಲಿ ಬರೀ ಕ್ರಿಯಾಪದ ಬರೆದುಕೊಳ್ಳಬೇಡಿ, ಅದರ ಬಾಲವನ್ನೂ ಸೇರಿಸಿ: "ಅಕ್ಯೂಸ್ ಹಿಮ್ ಆಫ್ ಸ್ಟೀಲಿಂಗ್", "ಡಿನೈ ಸ್ಟೀಲಿಂಗ್", "ಪ್ರಾಮಿಸ್ ಟು ಪೇ". ನಾನು ಕಲಿತದ್ದು ಹೀಗೇ.

ತುಮಕೂರಿನವಳು:
ಆಹಾ, "ಗೆ" ವಿಷಯ ಈಗ ಹೊಳೀತು! ರೆಕಮೆಂಡ್ ಯಾವ ಗುಂಪು ಸರ್?

ಇಂಗ್ಲಿಷ್ ಮೇಷ್ಟ್ರು:
ಸಜೆಸ್ಟ್ ಜೊತೆಗೇ ಇಡಮ್ಮ. "ರೆಕಮೆಂಡ್ ಯು ಟು" ಅನ್ನೋದನ್ನು ಕೆಲವು ಬ್ರಿಟಿಷ್ ನಿಘಂಟುಗಳು ಒಪ್ಪುತ್ತವೆ, ಆದರೆ ಆಫೀಸ್ ಮೇಲ್‌ಗೆ "ರೆಕಮೆಂಡೆಡ್ ದಟ್ ಐ ಚೇಂಜ್" ಬರೆದರೆ ಯಾರೂ ತಿದ್ದಲ್ಲ.